ಕಲ್ಲೇಶನ ಕನ್ನಡಿ ನೆಲ

ಕಲ್ಲೇಶನಿಗೆ ದೇವರು ಕೊಟ್ಟ ಕೈ ಎರಡು, ಬಾಯಿ ಒಂದು. ಆ ಎರಡು ಕೈ ಮಾಡಿದ್ದನ್ನು ಈ ಒಂದು ಬಾಯಿ ಊರೆಲ್ಲ ಸಾರಿ ಬರುವಷ್ಟರಲ್ಲಿ ಕೈಗಳು ಇನ್ನೊಂದು ಕೆಲಸಕ್ಕೆ ಇಳಿದಿರುತ್ತಿದ್ದವು. ಜಂಭಗಾರರಲ್ಲಿ ಎರಡು ಜಾತಿ. ಕೂತು ಜಂಭ ಕೊಚ್ಚುವವರು, ಕೆಲಸ ಮಾಡಿ ಜಂಭ ಕೊಚ್ಚುವವರು. ಕಲ್ಲೇಶ ಎರಡನೆಯ ಜಾತಿ. ಅಂಥವರನ್ನು ಕಂಡರೆ ಊರಿಗೆ ನಗುವೂ ಬರುತ್ತದೆ, ಅಕ್ಕರೆಯೂ ಬರುತ್ತದೆ.

ಮನೆಯ ಕಿತ್ತುಹೋದ ಬಾಗಿಲನ್ನು ಕೂರಿಸಿದ್ದು ಅವನು. ಅಟ್ಟಕ್ಕೆ ಏಣಿ ಮಾಡಿದ್ದು ಅವನು. ಕರು ಕಟ್ಟುವ ಕೊಟ್ಟಿಗೆಗೆ ಗಾಜಿನ ಕಿಟಕಿ ಇಟ್ಟವನೂ ಅವನೇ. ಕರು ಆ ಕಿಟಕಿಯಿಂದ ಒಂದು ದಿನವೂ ಹೊರಗೆ ನೋಡಲಿಲ್ಲ. ಅದು ಕರುವಿನ ತಪ್ಪು ಎನ್ನುತ್ತಿದ್ದ.

ಅಪ್ಪ ತೀರಿಕೊಂಡ ಮನೆ. ಇದ್ದವರು ತಾಯಿ ಓಂಕಾರಮ್ಮ, ಅಕ್ಕ ದಾಕ್ಷಾಯಣಿ, ಇವನು. ಅಕ್ಕ ಮದುವೆಯಾಗಿ ಪಕ್ಕದ ತಾಲ್ಲೂಕಿನ ಊರಿಗೆ ಹೋಗಿದ್ದಳು. ಈಗ ಬಸುರಿ. ಮೊದಲ ಹೆರಿಗೆ ತವರಿನಲ್ಲಿ, ಅದು ನಮ್ಮ ಕಡೆ ಕೇಳಿ ಗೊತ್ತುಮಾಡುವ ವಿಷಯವೇ ಅಲ್ಲ. ಓಂಕಾರಮ್ಮ ಆಗಲೇ ಹಳೇ ಸೀರೆಗಳನ್ನು ಹರಿದು ಮೆತ್ತಗೆ ಒಗೆದು ಮಡಿಸಿ ಇಟ್ಟಿದ್ದಳು. ಬಾಣಂತಿ ಖಾರಕ್ಕೆ ಮೆಣಸು ಒಣಗಿಸಿದ್ದಳು. ಮಗು ಗಂಡೋ ಹೆಣ್ಣೋ ಎಂದು ಎಮ್ಮೆಯ ಹತ್ತಿರವೂ ಮಾತಾಡಿ ಆಗಿತ್ತು.

ಅಡ್ಡ ಬಂದದ್ದು ಬಚ್ಚಲು.

ಆ ಮನೆಗೆ ಬಚ್ಚಲುಮನೆ ಅನ್ನುವುದೇ ಇರಲಿಲ್ಲ. ಹಿತ್ತಲಲ್ಲಿ ಒಂದು ಚಪ್ಪಡಿ ಕಲ್ಲು, ಸುತ್ತ ತೆಂಗಿನ ಗರಿಯ ತಡಿಕೆ, ಮೇಲೆ ಆಕಾಶ. ಮನೆಯವರಿಗೆ ಅಷ್ಟು ಸಾಕಾಗಿತ್ತು. ಬಾಣಂತಿಗೆ ಸಾಕಾಗುತ್ತದೆಯೇ? ದಿನವೂ ಮೈಗೆ ಎಣ್ಣೆ ತಿಕ್ಕಿ, ಕಾಲು ಚಾಚಿ ಕೂರಿಸಿ, ಹಂಡೆಗಟ್ಟಲೆ ಬಿಸಿನೀರು ಹಾಕಬೇಕು. ಹೊರಗಿನ ಗಾಳಿ ಒಂದು ಎಳೆಯೂ ತಾಗಬಾರದು. ಅಕ್ಕನ ಗಂಡನ ಮನೆಯಲ್ಲಿ ಸೀಮಂತದ ದಿನ, ನೆಂಟರೆಲ್ಲ ಎಲೆ ಮುಂದೆ ಕೂತಿರುವಾಗ, ದಾಕ್ಷಾಯಣಿಯ ಅತ್ತೆ ಹಾಲಮ್ಮ ಇದನ್ನೇ ಎತ್ತಿದಳು. ಹಾಲಮ್ಮ ಕೆಟ್ಟ ಹೆಂಗಸಲ್ಲ. ಆದರೆ ಮಾತನ್ನು ಎಣ್ಣೆ ಸವರಿ ಕೊಡುವ ಅಭ್ಯಾಸ ಅವಳಿಗಿರಲಿಲ್ಲ.

"ಓಂಕಾರಮ್ಮನೋರೇ, ತಪ್ಪು ತಿಳ್ಕೋಬೇಡಿ. ಹಸಿ ಬಾಣಂತಿಗೆ ಗರಿ ಮರೇಲಿ ಹೆಂಗೆ ನೀರು ಹಾಕ್ತೀರಿ? ಶೀತ ಹೊಡೆದ್ರೆ ಯಾರು ಹೊಣೆ? ಈ ಬಾಣಂತನ ನಮ್ಮನೇಲೇ ಆಗಿಹೋಗ್ಲಿ ಬಿಡಿ."

ಓಂಕಾರಮ್ಮನ ಕೈಯಲ್ಲಿದ್ದ ಹೋಳಿಗೆ ಎಲೆಗೆ ವಾಪಸು ಬಂತು. ಇರುವ ಒಬ್ಬಳು ಮಗಳ ಬಾಣಂತನ ಮಾಡಲಾರದ ತಾಯಿ ಎಂದರೆ ಅವಳು ಊರಲ್ಲಿ ತಲೆ ಎತ್ತುವುದು ಹೇಗೆ? ಊರು ಹಾಗಿರಲಿ, ಆ ಮಡಿಸಿಟ್ಟ ಸೀರೆಗಳ ಮುಖ ನೋಡುವುದು ಹೇಗೆ? ಉತ್ತರ ಕೊಟ್ಟವನು ಪಂಕ್ತಿಯ ಕೊನೆಯಲ್ಲಿ ಪಾಯಸ ಸುರಿಯುತ್ತಿದ್ದ ಕಲ್ಲೇಶ.

"ಅತ್ತೆ, ಹೆರಿಗೆಗೆ ಇನ್ನೂ ಟೈಮಿದೆ. ಹಬ್ಬ ಕಳೀಲಿ, ಆಮೇಲೆ ಬನ್ನಿ. ನಮ್ಮ ಹಿತ್ತಲಲ್ಲಿ ಬಚ್ಚಲುಮನೆ ಎದ್ದಿರುತ್ತೆ."

"ಯಾರಪ್ಪ ಕಟ್ಟೋರು?"

ಕಲ್ಲೇಶ ಪಾಯಸದ ಸೌಟು ಹಿಡಿದ ಕೈಯನ್ನೇ ಮೇಲೆತ್ತಿ ತೋರಿಸಿದ. "ಇದು."

ನೆಂಟರು ನಕ್ಕರು. ಹಾಲಮ್ಮ ನಗಲಿಲ್ಲ. "ಆಯ್ತಪ್ಪ. ದಾಕ್ಷೀನ ಬ್ಯಾಗು ಸಮೇತ ಕರ್ಕೊಂಡು ಬರ್ತೀನಿ. ಬಚ್ಚಲು ನನ್ನ ಕಣ್ಣಿಗೆ ಸರಿ ಕಂಡ್ರೆ ಬ್ಯಾಗು ಇಳಿಯುತ್ತೆ. ಇಲ್ದಿದ್ರೆ ಬಂದ ಆಟೋದಲ್ಲೇ ವಾಪಸ್."

ಊರಿಗೆ ಬಂದವನೇ ಕಲ್ಲೇಶ ಪಂಚೆ ಮೇಲೆ ಕಟ್ಟಿದ. ಚಾ ಅಂಗಡಿಯಲ್ಲಿ ಸುದ್ದಿ ಆಗಲೇ ಕಾದು ಕೂತಿತ್ತು. ಗಾರೆ ಕೆಲಸದ ತಿಪ್ಪೇಶಣ್ಣ ಬೀಡಿ ಕೊಡವುತ್ತ ಕೇಳಿದ, "ಏನೋ, ಬಚ್ಚಲು ನೀನೇ ಕಟ್ತೀಯಂತೆ? ಅದು ಕರುವಿಗೆ ಕಿಟಕಿ ಇಟ್ಟಂಗಲ್ಲ ಕಣೋ."

"ತಿಪ್ಪೇಶಣ್ಣ, ನಿನ್ನ ಮನೆ ಗೋಡೆ ನೀನೇ ಕಟ್ಟಿದ್ದಲ್ವಾ? ಬೀದಿ ನಾಯಿಗಳೂ ಅದಕ್ಕೆ ಒರಗಲ್ಲ, ಹೆದರ್ತಾವೆ."

ಅಂಗಡಿಯೆಲ್ಲ ನಕ್ಕಿತು. ತಿಪ್ಪೇಶಣ್ಣನೂ ನಕ್ಕ, ಆದರೆ ಒಂದು ಗುಟುಕು ತಡವಾಗಿ.

ಮಾತು ಹಾಗಿರಲಿ, ಕೆಲಸ ನೋಡಿ. ಹುಡುಗ ಅಡಿಪಾಯ ತೋಡಿದ. ದಾರ ಎಳೆದು ಇಟ್ಟಿಗೆ ಕೂರಿಸಿದ. ತೂಕದ ಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ನೆಟ್ಟಗಿಲ್ಲದ ಕಡೆ ಯಾರಿಗೂ ಹೇಳದೆ ಬಿಚ್ಚಿ ಮತ್ತೆ ಕಟ್ಟಿದ. ಮೇಲೆ ತಗಡು ಹೊದಿಸಿದ. ಗಾಳಿ ಮೈಗೆ ಬಡಿಯದೆ ಹೊಗೆ ಮಾತ್ರ ಹೋಗುವ ಹಾಗೆ ಮೇಲೆತ್ತರದಲ್ಲಿ ಒಂದು ಗವಾಕ್ಷಿ ಬಿಟ್ಟ. ಮೂಲೆಯಲ್ಲಿ ಒಲೆ ಹಾಕಿ, ಅಜ್ಜಿ ಕಾಲದ ತಾಮ್ರದ ಹಂಡೆಯನ್ನು ಅದರ ಮೇಲೆ ಕೂರಿಸಿದ. ಬಾಣಂತಿ ಕಾಲು ಚಾಚಿ ಕೂರಲು ಅಗಲವಾದ ಹಲಗೆ ಮಾಡಿದ. ಬಾಗಿಲಿಗೆ ಒಳಗಿನಿಂದ ಚಿಲಕ, ಹೊರಗಿನಿಂದಲೂ ಚಿಲಕ. ಹೊರಗಿನದು ಯಾಕೆ ಎಂದು ಓಂಕಾರಮ್ಮ ಕೇಳಿದಳು. "ಇರ್ಲಿ ಬಿಡಮ್ಮ, ಎರಡು ತಂದಿದ್ದೆ."

ಉಳಿದದ್ದು ನೆಲ. ಇಲ್ಲಿ ಅವನ ಜಂಭಕ್ಕೆ ರೆಕ್ಕೆ ಬಂತು.

ಹಿಂದೊಮ್ಮೆ ಪೇಟೆಯಲ್ಲಿ ದೊಡ್ಡದೊಂದು ಕಲ್ಯಾಣಮಂಟಪ ಕಟ್ಟುವಾಗ ಕಲ್ಲೇಶ ನೆಲದ ಕೆಲಸಕ್ಕೆ ಹೋಗಿದ್ದ. ಅಲ್ಲಿ ಮೇಸ್ತ್ರಿ ಕೈಯಲ್ಲಿ ಸದಾ ಒಂದು ರಸಮಟ್ಟ. ಗಾಜಿನ ನಳಿಗೆಯೊಳಗೆ ಒಂದು ಗುಳ್ಳೆ ಓಡಾಡುತ್ತಿರುತ್ತದೆ. ನೆಲದ ಮೇಲಿಟ್ಟಾಗ ಗುಳ್ಳೆ ಸರಿಯಾಗಿ ನಡುವೆ ನಿಂತರೆ ನೆಲ ಸಮ. ಕೂದಲೆಳೆ ಸರಿದರೂ ಮೇಸ್ತ್ರಿ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ಸಾವಿರ ಜನ ಊಟಕ್ಕೆ ಕೂರುವ ಹಜಾರಕ್ಕೆ ಅದು ಬೇಕೇ ಬೇಕು. ಅಂದಿನಿಂದ ಕಲ್ಲೇಶನ ತಲೆಯಲ್ಲಿ ಒಂದೇ ಮಾತು ಕೂತುಬಿಟ್ಟಿತ್ತು: ಗುಳ್ಳೆ ನಡುವೆ ನಿಂತರೆ ನೀನು ಕೆಲಸಗಾರ.

ಆ ಲೆಕ್ಕದಲ್ಲೇ ಬಚ್ಚಲ ನೆಲ ಹಾಕಿದ. ಈ ಮೂಲೆಯಲ್ಲಿ ರಸಮಟ್ಟ ಇಟ್ಟರೆ ಗುಳ್ಳೆ ನಡುವೆ, ಆ ಮೂಲೆಯಲ್ಲಿ ಇಟ್ಟರೂ ನಡುವೆ. ಅದರ ಮೇಲೆ ರೆಡ್ ಆಕ್ಸೈಡ್ ಬಳಿದು, ನುಣ್ಣನೆಯ ಕಲ್ಲಿನಿಂದ ಮಧ್ಯಾಹ್ನಗಟ್ಟಲೆ ಮಂಡಿಯೂರಿ ಉಜ್ಜಿದ. ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮತ್ತೆ ಉಜ್ಜಿದ. ನೆಲ ಹೆಂಗಸರ ಹಣೆಯ ಕುಂಕುಮದ ಬಣ್ಣಕ್ಕೆ ಬಂತು. ಬಗ್ಗಿದರೆ ಮುಖ ಕಾಣುತ್ತಿತ್ತು. ನೀರು ಹೊರಗೆ ಹೋಗಲು ಗೋಡೆಯ ಬುಡದಲ್ಲಿ ತೂಬು ಬಿಟ್ಟಿದ್ದನಲ್ಲ, ಅದು ಬೋಳು ಕಾಣಬಾರದೆಂದು ಸುತ್ತ ಬೆರಳಗಲದ ಅಂಚು ಕಟ್ಟಿ, ಅಂಚಿಗೆ ಬಳ್ಳಿ ಕೊರೆದ.

ನೋಡಲು ಊರೇ ಬಂತು. ಬಚ್ಚಲಿಗೆ ಹೋಗುವಾಗ ಜನ ಚಪ್ಪಲಿ ಬಿಟ್ಟು ಹೋದದ್ದು ಆ ಊರಲ್ಲಿ ಅದೇ ಮೊದಲು. ಪಕ್ಕದ ಮನೆಯ ಹುಡುಗಿ ನೆಲದಲ್ಲಿ ಮುಖ ನೋಡಿ ಬೈತಲೆ ತಿದ್ದಿಕೊಂಡಳು. ತಿಪ್ಪೇಶಣ್ಣನೂ ಬಂದ. ಕೂತು ಅಂಗೈಯಿಂದ ನೆಲ ಸವರಿದ. ಹೊಳಪು ಅವನ ಕಣ್ಣನ್ನೂ ಕಟ್ಟಿಹಾಕಿತು. "ಬಂದಿದೆ ಬಿಡೋ," ಎಂದಷ್ಟೇ ಹೇಳಿ ಚಾ ಕುಡಿಯದೆ ಹೋದ. ಕಲ್ಲೇಶನಿಗೆ ಅದು ಹತ್ತು ಹಾರಕ್ಕೆ ಸಮ.

"ನೋಡ್ದಾ ಅಮ್ಮ? ತಿಪ್ಪೇಶಣ್ಣನ ಬಾಯಿಗೇ ಬೀಗ ಬಿತ್ತು."

"ನಿನ್ನ ಬಾಯಿಗೂ ಒಂದು ಹಾಕಿಸ್ಕೋ, ಜೋಡಿ ಆಗ್ಲಿ," ಎಂದಳು ತಾಯಿ. ಆದರೆ ಹಂಡೆಗೆ ವಿಭೂತಿ ಬಳಿಯುವಾಗ ಅವಳ ಕಣ್ಣು ಒದ್ದೆಯಾಗಿತ್ತು.

ಹಾಲಮ್ಮ ಬರುವುದು ನಾಳೆ ಎನ್ನುವಾಗ, ಸಂಜೆ ಮುಂದೆ, ಒಲೆ ಹೊತ್ತಿಸಿದರು. ಕಟ್ಟಿದವನೇ ಮೊದಲು ನೀರು ಹಾಕಿಕೊಳ್ಳಲಿ ಎಂದು ಓಂಕಾರಮ್ಮ ಹೇಳಿದಳು. ಕಲ್ಲೇಶ ಮದುಮಗನ ಹಾಗೆ ಟವಲು ಹೆಗಲಿಗೆ ಹಾಕಿ ಒಳಗೆ ಹೋದ. ಒಂದು ಚೊಂಬು ಸುರಿದುಕೊಂಡ. ಆಹಾ. ಇನ್ನೊಂದು ಸುರಿದುಕೊಂಡ. ಮೈಗೆ ಸೋಪು ಹಚ್ಚಿ, ಕಣ್ಣು ಮುಚ್ಚಿ, ಬಾಯಿಗೆ ಬಂದ ಹಾಡು ಹೇಳುತ್ತ ನೀರಿನ ಮೇಲೆ ನೀರು ಸುರಿದ. ಪಾದ ಬೆಚ್ಚಗಾಯಿತು. ಕಣ್ಣು ಬಿಟ್ಟು ನೋಡಿದ.

ನೀರು ಎಲ್ಲಿಗೂ ಹೋಗಿರಲಿಲ್ಲ.

ಎಲ್ಲಿಗೆ ಹೋಗಬೇಕು? ಇಳಿಜಾರು ಎಲ್ಲಿದೆ? ಕಲ್ಲೇಶ ಹಾಕಿದ್ದು ಕಲ್ಯಾಣಮಂಟಪದ ನೆಲ. ಯಾವ ಕಡೆಗೂ ಪಕ್ಷಪಾತವಿಲ್ಲದೆ ನೀರು ಎಲ್ಲ ಕಡೆಗೂ ಸಮನಾಗಿ ಹರಡಿ, ಊಟಕ್ಕೆ ಕೂತ ಜನರ ಹಾಗೆ ಸಾಲಾಗಿ ಕೂತುಬಿಟ್ಟಿತ್ತು. ತೂಬಿನ ಹತ್ತಿರ ಹೋದ ನೀರನ್ನು ಆ ಬಳ್ಳಿ ಕೊರೆದ ಅಂಚು ತಡೆದು ನಿಲ್ಲಿಸಿತ್ತು. ಅವನು ನೋಡನೋಡುತ್ತಿದ್ದಂತೆ ನೀರು ಮೆಲ್ಲಗೆ ಒಲೆಯ ಬಾಯಿಗೆ ಇಳಿಯಿತು. ಚುಂಯ್ ಎಂದಿತು. ಬೂದಿ ಎದ್ದಿತು, ಹೊಗೆ ಎದ್ದಿತು. ಹೊರಗೆ ಓಡಲು ಹೋದವನು ಕನ್ನಡಿ ನೆಲದ ಮೇಲೆ ಜಾರಿ, ಬಾಗಿಲ ತನಕ ಕೂತುಕೊಂಡೇ ಬಂದ.

ಹೊರಗೆ ಬಂದ ಮಗನ ಮುಖ ನೋಡಿ ಓಂಕಾರಮ್ಮನಿಗೆ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಅರ್ಧ ಸೋಪು, ಅರ್ಧ ಮಸಿ.

"ಏನಾಯ್ತೋ?"

"ವಾಟ," ಎಂದ ಕಲ್ಲೇಶ. ವಾಟ ಎಂದರೆ ನೀರು ಹರಿಯಲು ನೆಲಕ್ಕೆ ಕೊಡುವ ಇಳಿಜಾರು. "ವಾಟ ಕೊಡೋದು ಮರೆತೆ."

ತಾಯಿ ಒಳಗೆ ಇಣುಕಿ ನೋಡಿದಳು. ನಿಂತ ನೀರಿನಲ್ಲಿ ಹಂಡೆಯ ನೆರಳು ಚೆನ್ನಾಗಿಯೇ ಕಾಣುತ್ತಿತ್ತು. ಅವಳು ಬಹಳ ಹೊತ್ತು ಯೋಚಿಸಲಿಲ್ಲ.

"ಗೋಣಿಚೀಲ ತಗೊಂಡು ಬಾ. ನೀರೆಲ್ಲ ಒತ್ತಿ ತೆಗೆಯೋಣ. ನಾಳೆಗೆ ಒಣಗಿರುತ್ತೆ."

"ಅತ್ತೆ ನೋಡ್ತಾರಲ್ಲಮ್ಮ."

"ಅವರು ಬರೋದು ನೋಡೋಕೆ ಕಣೋ, ನೀರು ಹಾಕ್ಕೊಳ್ಳೋಕಲ್ಲ. ಒಣ ನೆಲ ನೋಡ್ಲಿ, ಒಪ್ಪಲಿ, ಮಗಳನ್ನ ಬಿಟ್ಟು ಹೋಗ್ಲಿ. ಆಮೇಲೆ ದಿನಾ ನಾನೇ ಪೊರಕೆ ಹಿಡಿದು ತಳ್ತೀನಿ. ನನಗೇನು ಕೈ ಬಿದ್ದುಹೋಗಿದೆಯಾ?"

ತಾಯಿಯ ದನಿಯಲ್ಲಿ ಮೋಸ ಇರಲಿಲ್ಲ. ಮಗಳು ಮನೆಗೆ ಬರಬೇಕೆಂಬ ಆಸೆ ಒಂದೇ ಇತ್ತು. ಕಲ್ಲೇಶ ಗೋಣಿಚೀಲ ತಂದ. ಇಬ್ಬರೂ ಒರೆಸಿದರು. ನೆಲ ಮತ್ತೆ ಹೊಳೆಯಿತು, ಏನೂ ಆಗಿಯೇ ಇಲ್ಲವೆನ್ನುವ ಹಾಗೆ.

ಮರುದಿನ ಬೆಳಿಗ್ಗೆ ಆಟೋ ಬಂತು. ಹಾಲಮ್ಮ ಇಳಿದಳು. ದಾಕ್ಷಾಯಣಿ ಒಂದು ಕೈ ಸೊಂಟಕ್ಕೆ ಕೊಟ್ಟು ನಿಧಾನವಾಗಿ ಇಳಿದಳು. ಬ್ಯಾಗು ಇಳಿಯಲಿಲ್ಲ.

"ಎಲ್ಲೋ ನಿನ್ನ ಅರಮನೆ?" ಎಂದಳು ಅಕ್ಕ, ತಮ್ಮನ ತಲೆಗೆ ಒಂದು ಮೊಟಕಿ.

"ಬಾರೇ, ನೋಡಿ ತಲೆ ತಿರುಗಿ ಬೀಳ್ಬೇಡ," ಎಂದ. ಮಾತು ದಿನದ ಹಾಗೇ ಬಂತು. ಒಳಗೆ ಏನೋ ಸರಿಯಿರಲಿಲ್ಲ.

ಹಾಲಮ್ಮ ನೀರೂ ಕುಡಿಯದೆ ನೇರ ಹಿತ್ತಲಿಗೆ ನಡೆದಳು. ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದಳು. ಚಿಲಕ ಹಾಕಿ ತೆಗೆದಳು. ಗವಾಕ್ಷಿಯ ಕೆಳಗೆ ನಿಂತು, ಗಾಳಿ ಮುಖಕ್ಕೆ ಬರುತ್ತದೆಯೇ ಎಂದು ಕಣ್ಣು ಮುಚ್ಚಿ ಕಾದಳು. ಹಲಗೆಯ ಮೇಲೆ ತಾನೇ ಕೂತು ಕಾಲು ಚಾಚಿ ನೋಡಿದಳು. ಕೊನೆಗೆ ನೆಲ ನೋಡಿದಳು. ಆ ಬಿಗಿ ಮುಖ ಸಡಿಲವಾಯಿತು.

"ಇದು ನೀನೇ ಮಾಡಿದ್ದೇನಪ್ಪ? ಇಂಥ ನೆಲ ನಮ್ಮೂರ ಸಾಹುಕಾರರ ಮನೇಲೂ ಇಲ್ಲ. ಆವತ್ತು ನಾನು ಮಾತಾಡಿದ್ದೇ ತಪ್ಪು ಅನ್ಕೋ. ದಾಕ್ಷಿ, ಆಟೋದವನಿಗೆ ಬ್ಯಾಗು ಇಳಿಸೋಕೆ ಹೇಳು."

ಓಂಕಾರಮ್ಮ ಉಸಿರು ಬಿಟ್ಟಳು. ಗೆದ್ದಾಯಿತು. ಇಷ್ಟು ಹೊಗಳಿಕೆ ಬಿದ್ದರೆ ಬೇರೆ ದಿನವಾಗಿದ್ದರೆ ಕಲ್ಲೇಶ ಒಂದು ವಾರ ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಹೊಗಳಿಕೆ ಅವನ ಊಟ. ಇವತ್ತಿನ ತುತ್ತನ್ನು ಮಾತ್ರ ನುಂಗಲು ನೋಡಿದ, ಇಳಿಯಲಿಲ್ಲ. ಹಾಲಮ್ಮ ಹೊಗಳಿದ ಬಚ್ಚಲೇ ಬೇರೆ, ತಾನು ಕಟ್ಟಿದ ಬಚ್ಚಲೇ ಬೇರೆ. ಯಾರದೋ ಹಾರವನ್ನು ತನ್ನ ಕೊರಳಿಗೆ ಹಾಕಿದ ಹಾಗಾಯಿತು. ಕಲ್ಲೇಶನಂಥ ಕಲ್ಲೇಶ ಇನ್ನೊಬ್ಬರ ಹಾರ ಹಾಕಿಕೊಳ್ಳುವುದೇ?

ಅಷ್ಟರಲ್ಲಿ ದಾಕ್ಷಾಯಣಿ ಆಟೋದವನಿಗೆ ಕೂಗಿ ಹೇಳಿ, ನೆಲ ನೋಡಲೆಂದು ಚಪ್ಪಲಿ ಬಿಟ್ಟು ಬಾಗಿಲ ಚೌಕಟ್ಟು ಹಿಡಿದಳು. ಬಸುರಿ ಹೆಂಗಸಿಗೆ ತನ್ನ ಪಾದ ತನಗೆ ಕಾಣುವುದಿಲ್ಲ. ಅಂದಾಜಿನಲ್ಲೇ ಒಂದು ಕಾಲನ್ನು ಮೆಲ್ಲಗೆ ಒಳಗೆ ಚಾಚಿದಳು.

"ಅಕ್ಕ, ಅಲ್ಲೇ ನಿಲ್ಲು," ಎಂದ ಕಲ್ಲೇಶ.

ಹಂಡೆಯ ಪಕ್ಕ ತುಂಬಿಟ್ಟ ಬಿಂದಿಗೆ ಇತ್ತು. ಎತ್ತಿದ. ಓಂಕಾರಮ್ಮ "ಕಲ್ಲಾ" ಎಂದಳು. ಅವನು ತಾಯಿಯ ಕಡೆ ನೋಡಲಿಲ್ಲ. ಎಲ್ಲರ ಕಣ್ಣೆದುರಿಗೆ ಬಿಂದಿಗೆ ಬಗ್ಗಿಸಿ ಪೂರ್ತಿ ನೀರನ್ನು ನೆಲಕ್ಕೆ ಸುರಿದ.

ನೀರು ಹರಡಿತು. ನಿಂತಿತು. ನಾಲ್ಕು ಜನ ಅದನ್ನೇ ನೋಡುತ್ತ ನಿಂತರು. ನೀರಿಗೆ ಯಾವ ಅವಸರವೂ ಇರಲಿಲ್ಲ.

ಮೊದಲು ಬಾಯಿ ಬಿಟ್ಟವಳು ಅಕ್ಕ. "ಲೋ, ನೀನು ಕಟ್ಟಿರೋದು ಬಚ್ಚಲೋ, ಎಮ್ಮೆ ಬಿಡೋ ಹೊಂಡವೋ?"

"ಹೋಗ್ತಿಲ್ವಲ್ಲಪ್ಪ ನೀರು," ಎಂದಳು ಹಾಲಮ್ಮ.

"ಹೋಗಲ್ಲ ಅತ್ತೆ. ವಾಟ ಕೊಟ್ಟಿಲ್ಲ. ಒದ್ದೆಯಾದ್ರೆ ಜಾರುತ್ತೆ ಬೇರೆ. ನಿನ್ನೆ ನಾನೇ ಜಾರಿ ಬಿದ್ದೆ."

"ನಿನ್ನೇನೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಬ್ಯಾಗು ಇಳಿಯೋ ಹೊತ್ತಲ್ಲಿ ಯಾಕಪ್ಪ ನೀರು ಸುರಿದೆ? ಸುಮ್ನಿದ್ದಿದ್ರೆ ನಾನು ಹೋಗ್ಬಿಡ್ತಿದ್ದೆ."

ಕಲ್ಲೇಶ ಖಾಲಿ ಬಿಂದಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ತಲೆ ತಗ್ಗಿಸಲಿಲ್ಲ. "ನೀವು ಹೊಗಳಿದ್ರಿ ಅತ್ತೆ. ನನಗೆ ಹೊಗಳಿಕೆ ಅಂದ್ರೆ ಪ್ರಾಣ, ಊರಿಗೇ ಗೊತ್ತು. ಆದ್ರೆ ನಂದಲ್ಲದ ಹೊಗಳಿಕೆ ನನಗೆ ಅರಗಲ್ಲ. ಈ ನೆಲ ಒಡೆದು ಬೇರೆ ಹಾಕ್ತೀನಿ. ಆಗ ಬಂದು ಹೊಗಳಿ, ಎಷ್ಟು ಹೊಗಳಿದ್ರೂ ತಗೋತೀನಿ. ಅಲ್ಲಿತನಕ ಅಕ್ಕನ್ನ ಕರ್ಕೊಂಡು ಹೋಗ್ತೀನಿ ಅಂದ್ರೆ ಹೋಗಿ. ಅವಳು ಬೀಳೋದಕ್ಕಿಂತ ಅದೇ ವಾಸಿ."

ಓಂಕಾರಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಬಾಗಿಲಾಚೆ ಆಟೋದವನು ಬ್ಯಾಗನ್ನು ಅರ್ಧ ಇಳಿಸಿ, ಮೇಲೋ ಕೆಳಗೋ ತಿಳಿಯದೆ ಹಿಡಿದು ನಿಂತಿದ್ದ.

ಹಾಲಮ್ಮ ನಿಂತ ನೀರನ್ನು ನೋಡಿದಳು. ಹುಡುಗನನ್ನು ನೋಡಿದಳು. ಅವಳ ಹೊಟ್ಟೆ ಕುಲುಕಲು ಶುರುವಾಯಿತು. ಆ ಹೆಂಗಸು ನಗುವುದನ್ನು ಸೊಸೆಯೂ ಅದುವರೆಗೆ ಸರಿಯಾಗಿ ನೋಡಿರಲಿಲ್ಲ. ನಕ್ಕು ನಕ್ಕು ಹಲಗೆಯ ಮೇಲೆ ಕೂತಳು.

"ಓಂಕಾರಮ್ಮನೋರೇ, ಕೇಳಿ. ನಮ್ಮನೆ ಬಚ್ಚಲೂ ಹಿಂಗೇ. ಒಂದು ಮೂಲೇಲಿ ನೀರು ನಿಲ್ಲುತ್ತೆ. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿಂದ ಪೊರಕೇಲಿ ತಳ್ತಾ ಇದ್ದೀನಿ. ಕಟ್ಟಿದೋರು ಯಾರು ಗೊತ್ತಾ? ನಮ್ಮ ಯಜಮಾನ್ರು. ಇವತ್ತಿನವರೆಗೂ ಒಪ್ಕೊಂಡಿಲ್ಲ. ನಾನು ನೀರು ಜಾಸ್ತಿ ಸುರೀತೀನಂತೆ, ಅದಕ್ಕೆ ನಿಲ್ಲುತ್ತಂತೆ."

ದಾಕ್ಷಾಯಣಿ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅತ್ತೆ, ಮಾವ ನನಗೂ ಹಂಗೇ ಹೇಳಿದ್ರು."

"ನೋಡಿದ್ರಾ? ಬಂದ ಸೊಸೆಗೂ ಅದೇ ಪಾಠ." ಹಾಲಮ್ಮ ಕಣ್ಣೊರೆಸಿಕೊಂಡು ಎದ್ದಳು. ದನಿ ಮತ್ತೆ ಗಟ್ಟಿಯಾಯಿತು. "ತಪ್ಪಿರೋ ಬಚ್ಚಲನ್ನ ಸರಿ ಮಾಡಬಹುದು. ತಪ್ಪೇ ಇಲ್ಲ ಅನ್ನೋರ ಜೊತೆ ಏನು ಮಾಡೋದು? ನೀರು ತಾನೇ ಸುರಿದು ತೋರಿಸೋ ಹುಡುಗನ ಮನೇಲಿ ನನ್ನ ಸೊಸೆ ಬೀಳಲ್ಲ. ಆಟೋದವನೇ, ಬ್ಯಾಗು ಇಳಿಸಪ್ಪ. ನನ್ನದೂ ಒಂದು ಸೀರೆ ಇದೆ ಅದರಲ್ಲಿ. ನಾನೂ ಇರ್ತೀನಿ. ಹೊಸ ನೆಲದ ಮೇಲೆ ನೀರು ಹರಿದದ್ದು ಕಂಡೇ ಹೋಗೋದು."

ಅವತ್ತಿನಿಂದ ಆ ಹಿತ್ತಲು ಜಾತ್ರೆಯಾಯಿತು.

ಕಲ್ಲೇಶ ಸುತ್ತಿಗೆ ಎತ್ತಿದ. ಮಧ್ಯಾಹ್ನಗಟ್ಟಲೆ ಉಜ್ಜಿದ ನೆಲದ ಮೇಲೆ ಮೊದಲ ಏಟು ಹಾಕುವಾಗ ಕೈ ಒಂದು ಸಲ ಹಿಂಜರಿಯಿತು, ಸುಳ್ಳು ಯಾಕೆ ಹೇಳಬೇಕು. ಏಟು ಬಿತ್ತು. ಕನ್ನಡಿ ಒಡೆಯಿತು. ಎರಡನೆಯ ಏಟು ಹಗುರವಾಗಿತ್ತು, ಮೂರನೆಯದಕ್ಕೆ ಹಾಡೇ ಬಂತು. ಸುದ್ದಿ ಕೇಳಿ ತಿಪ್ಪೇಶಣ್ಣ ಓಡಿಬಂದ. ನಗಲೆಂದೇ ಬಂದವನು, ಬಳ್ಳಿ ಕೊರೆದ ಅಂಚು ಚೂರಾಗಿ ಬಿದ್ದಿದ್ದನ್ನು ಕಂಡು ಒಂದು ಚೂರನ್ನು ಕೈಗೆತ್ತಿಕೊಂಡ.

"ನಾನೂ ಕೂತು ಸವರಿದ್ನಲ್ಲೋ. ವಾಟ ನನ್ನ ಕಣ್ಣಿಗೂ ಬೀಳಲಿಲ್ಲ."

"ನಿನ್ನ ಕಣ್ಣು ಆವತ್ತು ಹೊಟ್ಟೆ ಉರಿ ಕಡೆ ಇತ್ತು ತಿಪ್ಪೇಶಣ್ಣ."

"ಮುಚ್ಕೊಂಡು ಬಾಂಡ್ಲಿ ಕೊಡು ಈ ಕಡೆ," ಎಂದು ಅವನೂ ಪಂಚೆ ಮೇಲೆ ಕಟ್ಟಿದ.

ನೀರು ಯಾವ ಕಡೆ ಹೋಗಬೇಕೆಂದು ದೊಡ್ಡ ಚರ್ಚೆ ನಡೆಯಿತು. ಒಲೆಯಿಂದ ದೂರ ಎಂದಳು ಹಾಲಮ್ಮ. ಬಾಗಿಲಿಂದಲೂ ದೂರ ಎಂದಳು ಓಂಕಾರಮ್ಮ. ಬೀಗಿತ್ತಿಯರಿಬ್ಬರೂ ಎರಡು ಮೂಲೆಯಲ್ಲಿ ನಿಂತು ಮಗ್ಗಲು ತೋರಿಸಿದರು, ಗಂಡಸರಿಬ್ಬರೂ ಹೇಳಿದ ಹಾಗೆ ಕರಣೆ ಆಡಿಸಿದರು. ರಸಮಟ್ಟ ಮತ್ತೆ ಹೊರಬಂತು. ಈ ಸಲ ಗುಳ್ಳೆ ನಡುವೆ ನಿಂತರೆ ಎಲ್ಲರೂ ಕೂಗುತ್ತಿದ್ದರು. ಗುಳ್ಳೆ ಓಡುವುದು ಎತ್ತರದ ಕಡೆಗಲ್ಲವೇ, ಅದು ತೂಬಿನ ಎದುರು ಮಗ್ಗಲಿಗೆ ಓಡಿದಾಗ ಮಾತ್ರ ಒಪ್ಪಿಗೆ. ಸಿಮೆಂಟು ಹಸಿಯಿರುವಾಗಲೇ ತೆಂಗಿನ ಪೊರಕೆಯಿಂದ ಗೆರೆ ಎಳೆದರು, ಪಾದಕ್ಕೆ ಹಿಡಿತ ಸಿಗಲೆಂದು. ಹೊಳಪು ಹೋಯಿತು. ಮುಖ ಕಾಣುವುದು ನಿಂತಿತು. ದಾಕ್ಷಾಯಣಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಹುರಿಗಡಲೆ ತಿನ್ನುತ್ತ, ಎಲ್ಲರನ್ನೂ ಬೈಯುತ್ತಿದ್ದಳು. ಬಸುರಿಯ ಬೈಗುಳಕ್ಕೆ ಯಾರೂ ಎದುರಾಡಲಿಲ್ಲ.

ನೆಲ ಗಟ್ಟಿಯಾದ ದಿನ ಹಾಲಮ್ಮ ಬಿಂದಿಗೆ ಹಿಡಿದಳು. ಕಲ್ಲೇಶ ಅದನ್ನು ಅವಳ ಕೈಯಿಂದ ಇಸಿದುಕೊಂಡ. "ಮೊದಲು ನಾನು."

ಸುರಿದ. ನೀರು ಒಂದು ಗಳಿಗೆ ಯೋಚಿಸಿದ ಹಾಗೆ ಮಾಡಿತು. ಆಮೇಲೆ ಗೆರೆಗೆರೆಯಾಗಿ ಜಾರಿ, ಒಂದೇ ಕಡೆಗೆ ತಿರುಗಿ, ಗುಳುಗುಳು ಎಂದು ತೂಬಿಗೆ ಇಳಿಯಿತು. ಗೋಡೆಯಾಚೆ ಬಾಳೆಗಿಡದ ಬುಡದಲ್ಲಿ ಕಾಯುತ್ತಿದ್ದ ತಿಪ್ಪೇಶಣ್ಣ, "ಬಂತು, ಬಂತು," ಎಂದ. ಓಂಕಾರಮ್ಮ ಓಡಿಹೋಗಿ ಅದನ್ನೂ ನೋಡಿ ಬಂದಳು.

"ಈಗ ಹೊಗಳಿ ಅತ್ತೆ," ಎಂದ ಕಲ್ಲೇಶ, ಸೊಂಟಕ್ಕೆ ಕೈಕೊಟ್ಟು.

ಹಾಲಮ್ಮ ಮನಸಾರೆ ಹೊಗಳಿದಳು. ಅವನು ಒಂದು ಹನಿಯನ್ನೂ ಚೆಲ್ಲದೆ ಕುಡಿದ. ಮುಂದೆ ದಾಕ್ಷಾಯಣಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತಿಗೂ ಕೂಸಿಗೂ ಆ ಬಚ್ಚಲಲ್ಲೇ ಓಂಕಾರಮ್ಮ ನೀರು ಹಾಕಿದಳು. ಕೂಸಿನ ಅಳು, ಸಾಂಬ್ರಾಣಿ ಹೊಗೆ, ಗುಳುಗುಳು ಹರಿಯುವ ನೀರು, ಎಲ್ಲ ಒಟ್ಟಿಗೆ ಬೀದಿಗೆ ತೇಲಿ ಬರುತ್ತಿತ್ತು. ದಾರಿಹೋಕರು ಯಾರಾದರೂ ನಿಂತರೆ, ಬಚ್ಚಲು ಖಾಲಿಯಾದ ಮೇಲೆ, ಕಲ್ಲೇಶ ಕರೆದು ಕೈಗೆ ಚೊಂಬು ಕೊಡುತ್ತಿದ್ದ. "ನೋಡೋದಲ್ಲ, ಸುರೀರಿ. ಆಮೇಲೆ ಮಾತಾಡೋಣ." ಜಂಭ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲಿಲ್ಲ. ಆದರೆ ಈಗ ಅದರ ಕೈಯಲ್ಲಿ ಒಂದು ಚೊಂಬು ನೀರಿತ್ತು.

ಕೂಸಿಗೆ ಹೆಸರಿಟ್ಟ ದಿನ ಹಾಲಮ್ಮ ತನ್ನ ಯಜಮಾನರ ಜೊತೆ ಬಂದಿದ್ದಳು. ಹೊರಡುವಾಗ ಕಲ್ಲೇಶನನ್ನು ಬಾಗಿಲಾಚೆ ಕರೆದಳು. "ನಾಳೆ ನಮ್ಮೂರಿಗೆ ಬಾ. ಸುತ್ತಿಗೆ ಇರ್ಲಿ ಜೊತೇಲಿ."

"ಬಚ್ಚಲು ಒಡೀಬೇಕಾ ಅತ್ತೆ?"

"ಒಡೆಯೋದು ನೀನಲ್ಲ. ಕಟ್ಟಿದೋರು ಒಡೀತಾರೆ. ಇಲ್ಲಿ ಕಾಲು ತೊಳೆಯೋಕೆ ಹೋದೋರು ಬಹಳ ಹೊತ್ತು ಬರಲೇ ಇಲ್ಲ, ನೀರು ಹೋಗೋದನ್ನೇ ನೋಡ್ತಾ ನಿಂತಿದ್ರು. ಈಗ ನಮ್ಮದು ಸ್ವಲ್ಪ ವಾಟ ತಪ್ಪಿರಬಹುದು ಅಂತಿದ್ದಾರೆ." ಹಾಲಮ್ಮ ದನಿ ತಗ್ಗಿಸಿದಳು. "ಮೊದಲ ಏಟು ಕಷ್ಟ. ನೀನು ಪಕ್ಕದಲ್ಲಿ ನಿಂತಿರು, ಸಾಕು."

ನೀತಿ: ನಿಮ್ಮ ಕೈಕೆಲಸದ ಬಗ್ಗೆ ಎಷ್ಟು ಬೇಕಾದರೂ ಹೆಮ್ಮೆ ಪಡಿ, ಆದರೆ ಅದನ್ನು ಪರೀಕ್ಷೆ ಮಾಡುವ ಮೊದಲ ಬಿಂದಿಗೆ ನಿಮ್ಮ ಕೈಯಿಂದಲೇ ಸುರಿಯಲಿ. ತಪ್ಪನ್ನು ಮುಚ್ಚಿ ಪಡೆದ ಹೊಗಳಿಕೆ ನಮ್ಮದಲ್ಲ. ತಾನು ಕಟ್ಟಿದ್ದನ್ನು ತಾನೇ ಒಡೆದು ಸರಿಮಾಡಬಲ್ಲವನೇ ನಿಜವಾದ ಕೆಲಸಗಾರ.